ಸೋಮವಾರ ಎಚ್ಚೆತ್ತ ಗುಳ್ಳೆಗಳು

ಇಸ್ತ್ರಿ ಮಾಡಲೆಂದು ಅಂಗಿ ಹರಡಿದಾಗ ಕಿಸೆಯಿಂದ ಕಂದು ಬಣ್ಣದ ಬಿಲ್ಲೆಯೊಂದು ಉದುರಿತು. ಗುಂಡಿ ಕಿತ್ತುಬಂದಿರಬೇಕೆಂದು ಸೂಜಿ ದಾರ ತಂದೆ. ಕನ್ನಡಕ ಹುಡುಕಿ, ದಾರದ ತುದಿಯನ್ನು ಮತ್ತೆ ಮತ್ತೆ ನೆಕ್ಕಿ, ಅಂತೂ ಪೋಣಿಸಿ ನೋಡಿದರೆ ಗುಂಡಿಗೆ ತೂತೇ ಇಲ್ಲ. ಅಂಗಿಯ ಗುಂಡಿಗಳೆಲ್ಲ ಅವುಗಳ ಜಾಗದಲ್ಲೇ ಇದ್ದವು. ಕೈಯಲ್ಲಿದ್ದದ್ದು ಗುಳ್ಳೆಯ ಬಾಗಿಲು. ಅದನ್ನು ಕಿಸೆಗೆ ಯಾವಾಗ ಹಾಕಿಕೊಂಡೆ, ಏಕೆ ಹಾಕಿಕೊಂಡೆ ಎಂಬುದು ನೆನಪಿಲ್ಲ. ನನಗೆ ನೆನಪಿರುವುದರ ಮೇಲೂ ನನಗೆ ಅಷ್ಟೇನೂ ನಂಬಿಕೆಯಿಲ್ಲ. ಆದ್ದರಿಂದ ಮುಂದೆ ಹೇಳುವುದನ್ನು ನೀವೂ ಸ್ವಲ್ಪ ಅನುಮಾನವಿಟ್ಟುಕೊಂಡೇ ಓದಿ.

ಗದ್ದೆ, ಕೆರೆಗಳ ಸಿಹಿನೀರಿನ ಬಸವನಹುಳುವನ್ನು ನಮ್ಮ ಮನೆಯಲ್ಲಿ ಗುಳ್ಳೆ ಎನ್ನುತ್ತಿದ್ದರು. ನಮ್ಮೂರು ಹಣಕೋಣದ ಕೊಂಕಣಿ ನೆರೆಮನೆಯವರಿಗೆ ಅದೇ ಕೊಂಗೆ. ಹಿತ್ತಲಿನ ಗೋಡೆ ಹತ್ತುವ ಬಸವನಹುಳುವಿಗೆ ಇಲ್ಲದ ಒಂದು ಅನುಕೂಲ ಇದಕ್ಕಿದೆ, ಸ್ವಂತ ಬಾಗಿಲು. ಪಾದದ ಹಿಂಬದಿಗೆ ಅಂಟಿಕೊಂಡ ಗಟ್ಟಿ ಬಿಲ್ಲೆ ಅದು. ಹುಳು ಒಳಗೆ ಸರಿದುಕೊಂಡಾಗ ಚಿಪ್ಪಿನ ಬಾಯಿಗೆ ಸರಿಯಾಗಿ ಕೂರುತ್ತದೆ. ಬೇಸಿಗೆಯಲ್ಲಿ ಕೆರೆಯ ನೀರು ಇಂಗತೊಡಗಿದರೆ ಗುಳ್ಳೆ ಕೆಸರಿನೊಳಗೆ ಇಳಿಯುತ್ತದೆ. ಮೇಲಿನ ಮಣ್ಣು ಬಿರುಕು ಬಿಡುವ ಹೊತ್ತಿಗೆ ಕೆಳಗೆ ಬಾಗಿಲು ಹಾಕಿಕೊಂಡಾಗಿರುತ್ತದೆ. ಉಣ್ಣುವುದಿಲ್ಲ, ಕದಲುವುದಿಲ್ಲ. ಎದೆಬಡಿತ ಇದೆಯೋ ಇಲ್ಲವೋ ಎಂಬಷ್ಟು ನಿಧಾನ. ಮಳೆಗಾಲದಲ್ಲಿ ತಿಂದು ಮೈಯಲ್ಲಿ ಕೂಡಿಟ್ಟದ್ದನ್ನೇ ಚೂರುಚೂರಾಗಿ ಕರಗಿಸಿಕೊಳ್ಳುತ್ತದೆ. ನೀರಿಗೆ ಕಿವಿರು, ಗಾಳಿಗೆ ಒಂದು ಚೀಲದಂಥ ಶ್ವಾಸಕೋಶ, ಎರಡೂ ಇದಕ್ಕಿವೆ. ಸೆಖೆಗಾಲ ಮುಗಿಯುವವರೆಗೆ ಆ ಚೀಲದಲ್ಲೇ ಅದರ ಸಂಸಾರ. ಮಳೆ ಬಿದ್ದು ಮಣ್ಣು ಮೆತ್ತಗಾಯಿತೋ, ಬಾಗಿಲು ತೆರೆದು ನಿನ್ನೆ ರಾತ್ರಿ ಮಲಗಿ ಇಂದು ಎದ್ದಂತೆ ಹೊರಡುತ್ತದೆ.

ಇಷ್ಟನ್ನು ನಾನು ಕಲಿತದ್ದು ಧಾರವಾಡದಲ್ಲಿ, ಪ್ರಾಣಿಶಾಸ್ತ್ರ ಓದುವಾಗ. ಮೇಣದ ತಟ್ಟೆಯಲ್ಲಿ ಗುಳ್ಳೆಯನ್ನು ಗುಂಡುಸೂಜಿಯಿಂದ ಚುಚ್ಚಿಟ್ಟು ಒಂದೊಂದು ಅಂಗವನ್ನೂ ತೋರಿಸಿದ್ದರು. ರಜೆಗೆ ಬಂದವನು ಅಕ್ಕನ ಮುಂದೆ ಅದರ ಉದ್ದನೆಯ ಲ್ಯಾಟಿನ್ ಹೆಸರು ಹೇಳಿದೆ. ಅಕ್ಕ ಬಟ್ಟೆ ಒಗೆಯುತ್ತಿದ್ದವಳು ಕೈ ನಿಲ್ಲಿಸಿ, "ಏ ತಮಾ, ಗುಳ್ಳೆ ಹೆಸ್ರು ಕಲಿಯೂಕೆ ಧಾರವಾಡಕ್ಕೆ ಹೋಗ್ಬೇಕಾಗಿತ್ತಾ? ಗದ್ದೆ ಅಂಚಿಗೆ ಕೂತಿದ್ರೆ ನಾ ಪುಕ್ಕಟೆ ಹೇಳ್ಕೊಡ್ತಿದ್ದೆ" ಎಂದಳು.

ಅಕ್ಕ ನನಗಿಂತ ಏಳೆಂಟು ವರ್ಷ ದೊಡ್ಡವಳು. ಅಂಕೋಲೆಯ ಕಡೆಯ ಒಂದು ಒಕ್ಕಲು ಮನೆಗೆ ಮದುವೆಯಾಗಿ ಹೋದವಳು. ನಾನು ಮೇಷ್ಟರಾಗಿ ಊರೂರು ತಿರುಗಿ, ಬಾಡಿಗೆ ಮನೆ ಬದಲಿಸುವುದನ್ನೇ ಒಂದು ವ್ಯಾಯಾಮ ಮಾಡಿಕೊಂಡು, ಕೊನೆಗೆ ಕಾರವಾರಕ್ಕೆ ಬಂದು ಬಿದ್ದೆ. ಅಪ್ಪ, ಅವ್ವಿ ಹೋಗಿ ಬಹಳ ಕಾಲವಾಗಿತ್ತು. ಹಣಕೋಣದ ಬಾಲ್ಯಕ್ಕೆ ಉಳಿದ ಸಾಕ್ಷಿಗಳು ನಾವಿಬ್ಬರೇ. ನಮ್ಮಿಬ್ಬರ ಸಾಕ್ಷ್ಯ ಮಾತ್ರ ಎಂದೂ ಹೊಂದಿದ್ದಿಲ್ಲ. ನಮ್ಮ ನಾಯಿ ಕಪ್ಪು ಎಂದು ನಾನು, ಕೆಂಚು ಎಂದು ಅವಳು. ಹಿತ್ತಲಿನಲ್ಲಿ ಹಲಸಿನ ಮರವಿತ್ತು ಎಂದರೆ, "ಅದು ಶೇವಂತಿ ಮನೇದು ಮಾರಾಯ. ನೀ ದಿನಾ ಅಲ್ಲೇ ಬಿದ್ದಿರ್ತಿದ್ದೆ, ಹಂಗಾಗಿ ನಿಂಗೆ ನಮ್ದೇ ಅನ್ಸಿದೆ" ಎನ್ನುತ್ತಿದ್ದಳು. ಭಾನುವಾರದ ಫೋನು ಎಂದರೆ ಈ ವ್ಯಾಜ್ಯದ ವಿಚಾರಣೆ. ತೀರ್ಪು ಯಾವತ್ತೂ ಅವಳ ಕಡೆಗೇ. ದೊಡ್ಡವಳಲ್ಲವೇ, ಮೊದಲು ನೋಡಿದ್ದು ಅವಳು.

ವ್ಯಾಜ್ಯಗಳಲ್ಲಿ ಹಳೆಯದು ಗುಳ್ಳೆಯದೇ. ಬೇಸಿಗೆಯಲ್ಲಿ ಅವ್ವಿ ಗದ್ದೆಯ ಹೆಂಟೆ ಒಡೆಯಲು ಹೋಗುತ್ತಿದ್ದಳು. ಮರದ ಕೊಡತಿಯಿಂದ ಹೊಡೆದು ಹೆಂಟೆ ಒಡೆದಾಗ ಕೆಲವೊಮ್ಮೆ ಒಳಗೆ ಮಲಗಿದ ಗುಳ್ಳೆ ಸಿಗುತ್ತಿತ್ತು. ಅವ್ವಿ ಅದನ್ನು ಸೆರಗಿನ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಇಲ್ಲಿಯವರೆಗೆ ನನಗೂ ಅಕ್ಕನಿಗೂ ತಕರಾರಿಲ್ಲ. ಮಡಿಲಿನಿಂದ ಗುಳ್ಳೆ ಎಲ್ಲಿಗೆ ಹೋಯಿತು ಎಂಬಲ್ಲಿ ನಾವು ಬೇರೆಯಾಗುತ್ತಿದ್ದೆವು. ನನ್ನ ನೆನಪಿನಲ್ಲಿ ಅವ್ವಿ ಅವುಗಳನ್ನು ಗದ್ದೆಯ ಮೂಲೆಗೆ ಒಯ್ದು, ನೆರಳಿನಲ್ಲಿ ಸಣ್ಣ ಗುಂಡಿ ಮಾಡಿ, ಮಣ್ಣು ಮುಚ್ಚಿ, "ಮಳೆ ಬರೂವರೆಗೆ ಮಲಕ್ಕಣ್ಲಿ" ಎನ್ನುತ್ತಾಳೆ. ಅಕ್ಕನ ನೆನಪಿನಲ್ಲಿ ಅವ್ವಿ ಅವುಗಳನ್ನು ಮನೆಗೆ ತಂದು, ಅಕ್ಕಿ ತೊಳೆದ ಅಕ್ಕಚ್ಚಿನಲ್ಲಿ ಒಂದು ರಾತ್ರಿ ನೆನೆಹಾಕಿ, ಮರುದಿನ ಸಾರು ಮಾಡುತ್ತಾಳೆ.

"ನೀ ತಟ್ಟೆ ನೆಕ್ಕಿದ್ದೆ" ಎನ್ನುತ್ತಿದ್ದಳು.

ನಾನು ಒಪ್ಪುತ್ತಿರಲಿಲ್ಲ. ಆದರೂ ಒಳಗೊಳಗೇ ಅಳುಕು. ಹೆಂಟೆ ಒಡೆದು ದಣಿದ ಹೆಂಗಸು, ಮೀನು ಕೊಳ್ಳಲು ಕೈಯಲ್ಲಿ ಏನೂ ಇಲ್ಲದವಳು, ಮಡಿಲಲ್ಲಿ ಸಿಕ್ಕಿದ ಮಾಂಸವನ್ನು ಮಣ್ಣಿಗೆ ಮರಳಿಸುತ್ತಿದ್ದಳೇ? ಧಾರವಾಡದಲ್ಲಿ ಓದಿದ ಸುಪ್ತಾವಸ್ಥೆಯ ಪಾಠವೇ ಹಿಂದಕ್ಕೆ ಹೋಗಿ ನನ್ನ ಅವ್ವಿಯ ಕೈಯಿಂದ ಆ ಗುಂಡಿ ತೋಡಿಸಿರಬಹುದು. ಓದಿದವರ ನೆನಪು ಹೀಗೇ ತೀರ ಚೆಂದವಾಗಿರುತ್ತದೆ, ಅದಕ್ಕೇ ಅನುಮಾನ.

ಕಳೆದ ಬೇಸಿಗೆಯಲ್ಲಿ ಅಕ್ಕನ ಹೊಟ್ಟೆಯ ರೋಗ ಕೈಮೀರಿತು. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು ಆಸ್ಪತ್ರೆಯವರು. ಗಂಜಿಯ ತಿಳಿ ಬಿಟ್ಟು ಬೇರೇನೂ ಸೇರುತ್ತಿರಲಿಲ್ಲ. ಹಣ್ಣಿನ ರಸ ಕೊಟ್ಟರೆ ಮುಖ ತಿರುಗಿಸುತ್ತಿದ್ದಳು. ಒಂದು ಶನಿವಾರ ನಾನು ಪಕ್ಕದಲ್ಲಿ ಕೂತಿದ್ದಾಗ ತಾನಾಗಿಯೇ ಹೇಳಿದಳು, "ಅವ್ವಿ ಮಾಡ್ತಿದ್ದ ಗುಳ್ಳೆ ಸಾರು ಒಂದ್ ಚಮಚೆ ಸಿಕ್ಕಿದ್ರೆ ಕುಡೀಬಹುದಾಗಿತ್ತು ನೋಡು."

ಬಾಗಿಲ ಬಳಿ ನಿಂತಿದ್ದ ಸವಿತಾ, ಅಕ್ಕನ ಮಗಳು, ನನ್ನ ಮುಖ ನೋಡಿದಳು. ವಾರದಿಂದ ಅವಳ ಅವ್ವಿ ಬಾಯಿಬಿಟ್ಟು ಬೇಕೆಂದು ಕೇಳಿದ್ದು ಇದೊಂದೇ.

"ಅವ್ವಿ ಸಾರು ಮಾಡ್ತಿರ್ಲಿಲ್ಲ" ಎಂದೆ. ಅಭ್ಯಾಸಬಲ.

"ತಂದು ಮಾಡ್ಸು. ಬಾಯಿಗೆ ಹಾಕ್ಕಂಡ ಕೂಡ್ಲೆ ನಿಂಗೇ ಗೊತ್ತಾತದೆ ಯಾರು ಸುಳ್ಳು ಹೇಳ್ತಿದ್ರು ಅಂತ" ಎಂದು ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣಿನಲ್ಲೂ ಗೆದ್ದ ಕಳೆಯಿತ್ತು.

ಭಾನುವಾರ ಬೆಳಿಗ್ಗೆ ಸ್ಕೂಟರಿಗೆ ಗುದ್ದಲಿ, ಬಕೆಟ್ಟು ಕಟ್ಟಿಕೊಂಡು ಹಣಕೋಣಕ್ಕೆ ಹೋದೆ. ನಮ್ಮ ಗೇಣಿ ಗದ್ದೆ ಈಗ ಬೇರೆಯವರದು. ಅರ್ಧಕ್ಕೆ ಕೆಂಪುಮಣ್ಣು ತುಂಬಿ ತಾರಸಿ ಮನೆ ಎದ್ದಿದೆ. ಉಳಿದರ್ಧ ಪಾಳು. ಅದರ ತಗ್ಗಿನಲ್ಲಿದ್ದ ಸಣ್ಣ ಕೆರೆ ಒಣಗಿ, ತಳ ದೋಸೆಯ ಅಂಚಿನಂತೆ ಎದ್ದುಕೊಂಡಿತ್ತು. ಕೆರೆ ನನ್ನ ನೆನಪಿಗಿಂತ ಎಷ್ಟು ಚಿಕ್ಕದಾಗಿತ್ತೆಂದರೆ, ಬೇರೆ ಕೆರೆ ಇರಬೇಕೆಂದು ನಾನು ಸುತ್ತ ಒಮ್ಮೆ ಹುಡುಕಿದೆ.

ನಡುವಿನಲ್ಲಿ ಅಗೆಯತೊಡಗಿದೆ. ಮಣ್ಣು ಕಲ್ಲಿನಂತೆ. ಗುದ್ದಲಿ ಟಣ್ ಎಂದು ಪುಟಿಯುತ್ತಿತ್ತು. ಸಿಕ್ಕಿದ ಮೊದಲ ಚಿಪ್ಪಿಗೆ ಬಾಗಿಲಿರಲಿಲ್ಲ, ಒಳಗೆ ಮಣ್ಣು ತುಂಬಿತ್ತು. ಮನೆಯ ಬಾಗಿಲು ತೆರೆದಿದ್ದರೆ ಯಾರೋ ಇದ್ದಾರೆ ಅಂದುಕೊಳ್ಳುತ್ತೇವೆ. ಗುಳ್ಳೆಯದು ತಿರುಗಾಮುರುಗಾ. ಮುಚ್ಚಿದ್ದರೆ ಜೀವ, ತೆರೆದಿದ್ದರೆ ಖಾಲಿ.

ಆಚೆ ಮನೆಯ ಶೇವಂತಿಬಾಯಿ ಸೊಂಟಕ್ಕೆ ಕೈಯಿಟ್ಟು ನಿಂತು ನೋಡುತ್ತಿದ್ದರು. ಹಲಸಿನ ಮರದ ಮಾಲೀಕರು. ಆ ಮರ ಈಗಿಲ್ಲ.

"ಕಿತ್ಯಾಕ್ ರೆ ತುಕಾ ಕೊಂಗೆ?" ಎಂದರು. ಕೊಂಗೆ ಯಾಕೋ ನಿನಗೆ ಎಂದು.

ಅಕ್ಕನಿಗೆ ಎಂದೆ. ಹೀಗಂತೆ ಎಂದು ಎಲ್ಲ ಹೇಳಿದೆ. ಅವರು ಕನ್ನಡಕ್ಕೆ ಬಂದು, "ಮಾಸ್ತರ್, ಬಿಸಿಲಲ್ಲಿ ನಿಂತು ನೀವೇ ಒಣಗೂದು. ಅಲ್ಲಿ ಬಿದಿರಿನ ನೆಳ್ಳಿಗೆ ನೋಡುವಾ. ನಂಗೂ ಗೊತ್ತಿಲ್ಲ ಕಾಣಿ, ಈಗ ಯಾರು ತಿಂತಾರೆ ಅದನ್ನ" ಎಂದರು.

"ನಮ್ಮ ಅವ್ವಿ ಸಾರು ಮಾಡ್ತಿದ್ಲಾ?"

"ನಿಮ್ಮನೆ ಒಲೆ ಒಳಗೆ ನಾನೇನು ಕೂತಿದ್ನಾ?"

ನನ್ನ ಕೊನೆಯ ಹೊರಗಿನ ಸಾಕ್ಷಿಯೂ ಹೀಗೆ ಜಾರಿಕೊಂಡಿತು. ಬಿದಿರಿನ ನೆರಳಿನಲ್ಲಿ ಮಣ್ಣು ಸ್ವಲ್ಪ ಮೆದು. ಗೇಣು ಆಳದಲ್ಲಿ ಒಂದು ಸಿಕ್ಕಿತು. ನಿಂಬೆಹಣ್ಣಿನಷ್ಟು ಗಾತ್ರ, ಕೈಗೆ ಭಾರ, ಬಾಗಿಲು ಬಿಗಿ. ಆಮೇಲೆ ಇನ್ನೊಂದು. ಮಧ್ಯಾಹ್ನ ಕಳೆಯುವ ಹೊತ್ತಿಗೆ ಬಕೆಟ್ಟಿನ ತಳ ಮುಚ್ಚುವಷ್ಟಾದವು. ಅಂಗೈಯಲ್ಲಿ ಬೊಕ್ಕೆ ಎದ್ದಿತ್ತು. ಎಷ್ಟೋ ವರ್ಷಗಳಿಂದ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಕಲಿಸಿದ್ದ ಪ್ರಾಣಿಯನ್ನು ಅದರ ನಿದ್ದೆಯಲ್ಲಿ ನಾನು ನೋಡಿದ್ದು ಅಂದೇ ಮೊದಲು. ಅವ್ವಿಯ ಮಡಿಲು ನೆನಪಿದ್ದರೂ ಮೊದಲೆಂದೇ ಅನಿಸಿತು.

ಸಂಜೆ ಅಂಕೋಲೆಗೆ ತಲುಪಿದಾಗ ಸವಿತಾ ಅಕ್ಕಚ್ಚು ತೆಗೆದಿಟ್ಟಿದ್ದಳು. ಗುಳ್ಳೆಗಳನ್ನು ತೊಳೆದು ಅದರಲ್ಲಿ ಹಾಕಿದೆವು. ರಾತ್ರಿಯಿಡೀ ನೀರಿನಲ್ಲಿದ್ದರೆ ಎಚ್ಚೆತ್ತು ಬಾಯಿಬಿಟ್ಟು ಹೊಟ್ಟೆಯ ಕೆಸರು ಕಾರುತ್ತವೆ. ಆಮೇಲೆಯೇ ಅಡಿಗೆ. ಇದು ಅಕ್ಕ ಮಲಗಿದಲ್ಲಿಂದ ಕೊಟ್ಟ ಅಪ್ಪಣೆ.

ಬೆಳಿಗ್ಗೆ ಸವಿತಾ ತೆಂಗಿನಕಾಯಿ ಒಡೆದಳು. ಮೀನುಸಾರಿಗೆ ಘಾಟು ಕೊಡುವ ಜುಮ್ಮನಕಾಯಿಯ ಡಬ್ಬಿ ಕೆಳಗಿಳಿಸಿದಳು. ಅಷ್ಟರಲ್ಲಿ ಒಳಗಿನಿಂದ ಅಕ್ಕನ ದನಿ, "ಇವತ್ತು ಯಾವ ವಾರ?"

ಸವಿತಾ ಡಬ್ಬಿಯನ್ನು ಮತ್ತೆ ಮೇಲಿಟ್ಟಳು. ಸೋಮವಾರ.

ನಮ್ಮ ಕಡೆ ಸೋಮವಾರ ಬಹಳ ಮನೆಗಳಲ್ಲಿ ಮೀನು ಒಲೆ ಹತ್ತುವುದಿಲ್ಲ. ದೇವರ ಗೊಡವೆಗೆ ಹೋಗದೆ ಯಾವ ವಾರವೂ ಬಂಗಡೆ ತಿನ್ನುವ ನನಗೆ ಅದು ಮರೆತೇ ಹೋಗಿತ್ತು. ಶನಿವಾರ ಸಂಜೆಯೇ ಅಗೆದು ತಂದಿದ್ದರೆ ಭಾನುವಾರ ಸಾರಾಗುತ್ತಿತ್ತು.

ಅಕ್ಕನ ಬಳಿ ಹೋಗಿ ಕೂತು ವಾದಿಸಿದೆ. "ಗುಳ್ಳೆ ಮೀನಲ್ಲ ಅಕ್ಕಾ. ಅದು ಮೃದ್ವಂಗಿ. ಮೀನಿಗೆ ಬೆನ್ನುಮೂಳೆ ಇರ್ತದೆ. ಇದಕ್ಕೆಲ್ಲಿದೆ? ಸೋಮವಾರದ ಲೆಕ್ಕಕ್ಕೆ ಬರೂದೇ ಇಲ್ಲ."

"ಬೆನ್ನುಮೂಳೆ ಇಲ್ದಿದ್ರೆ ಬದನೆಕಾಯಿ ಆತದಾ?"

"ಕಾಯಿಲೆಯವರಿಗೆ ಇದೆಲ್ಲ ಇಲ್ಲ."

"ಕಾಯಿಲೆ ನಂದು, ಸೋಮಾರ ಅಲ್ಲ." ಉಸಿರು ಹಿಡಿದು, ಮತ್ತೆ, "ನೀ ಪರೀಕ್ಷೆಲಿ ಪಾಸಾಗ್ಲಿ ಅಂತ ಹಿಡ್ದ ಸೋಮಾರ ಇದು ಮಾರಾಯ. ಧಾರವಾಡದಲ್ಲಿ ಒಂದ್ಸಲ ಢುಮ್ಕಿ ಹೊಡ್ದಿದ್ಯಲ್ಲ, ಆಗ. ಪಾಸಾದ ಮೇಲೆ ಬಿಡೂಕೆ ಮರ್ತೋಯ್ತು."

ಢುಮ್ಕಿ ಹೊಡೆದದ್ದು ನಿಜ. ಸೋಮವಾರದ್ದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷಗಳ ವ್ಯಾಜ್ಯದಲ್ಲಿ ಅವಳು ಇದೊಂದನ್ನು ಎಂದೂ ಮುಂದಿಟ್ಟಿರಲಿಲ್ಲ. ಈ ಸಲ ನಾನು ಅನುಮಾನಿಸಲಿಲ್ಲ. ಅನುಮಾನಿಸುವ ಧೈರ್ಯವಾಗಲಿಲ್ಲ.

"ನಾಳೆ ಮಾಡ್ರಿ. ಇಷ್ಟ್ ದಿನ ಮಲಗಿದ್ವಲ್ಲ, ಒಂದಿನ ಕಾಯ್ತವೆ" ಎಂದಳು. ಆಮೇಲೆ, "ಇತ್ಲಾಗೆ ತಾ, ನೋಡ್ವಾ."

ಬಕೆಟ್ಟನ್ನು ಮಂಚದ ಪಕ್ಕಕ್ಕೆ ತಂದೆ. ಎಲ್ಲವೂ ಎದ್ದಿದ್ದವು. ಮೈ ಹೊರಗೆ ಚಾಚಿ, ಮೀಸೆ ನೀಡಿ, ಬಕೆಟ್ಟಿನ ಗೋಡೆಯ ಮೇಲೆ ತೇಲಿದಂತೆ ನಡೆಯುತ್ತಿದ್ದವು. ಒಂದು ಮೇಲೆ ಬಂದು, ಕೊಳವೆಯಂಥ ಮೂತಿಯನ್ನು ನೀರಿನಾಚೆ ಎತ್ತಿ ಗಾಳಿ ಎಳೆದುಕೊಳ್ಳುತ್ತಿತ್ತು. ಅಕ್ಕ ಕೈ ಇಳಿಬಿಟ್ಟು ಅದನ್ನು ಬೆರಳ ತುದಿಯಿಂದ ಮುಟ್ಟಿದಳು. ಫಕ್ಕನೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿತು. ಅಕ್ಕ ನಕ್ಕಳು. ನಗುವುದಕ್ಕೂ ಅವಳಿಗೆ ನೋವಾಗುತ್ತಿತ್ತು, ಆದರೂ ನಕ್ಕಳು.

"ಸಾಲ ವಸೂಲಿಗೆ ಬಂದವ್ರ ಕಂಡ್ರೆ ಅಪ್ಪ ಹಿಂಗೇ ಮಾಡ್ತಿದ್ದ."

"ಅಪ್ಪ ಬಾಗಿಲು ಹಾಕ್ತಿರ್ಲಿಲ್ಲ. ಹಿತ್ತಲಿಂದ ಓಡ್ತಿದ್ದ" ಎಂದೆ.

"ನಿಂಗೇನೂ ಗೊತ್ತಿಲ್ಲ" ಎಂದಳು.

ಮಂಗಳವಾರ ಬೆಳಿಗ್ಗೆ ಸವಿತಾ ಕಾಯಿ ತುರಿಯುತ್ತಿದ್ದಳು. ನಾನು ಹಿತ್ತಲಿನ ಕಟ್ಟೆಯ ಮೇಲೆ ಕೂತು ಮೊದಲ ಗುಳ್ಳೆಯನ್ನು ಕೈಗೆತ್ತಿಕೊಂಡಿದ್ದೆ. ಒಳಗಿನಿಂದ ಭಾವ ಸವಿತಾಳನ್ನು ಕರೆದ. ಒಮ್ಮೆ ಸಾಧಾರಣವಾಗಿ, ಇನ್ನೊಮ್ಮೆ ಬೇರೆ ದನಿಯಲ್ಲಿ. ತುರಿಮಣೆಯ ಸದ್ದು ನಿಂತಿತು. ನಾನು ಗುಳ್ಳೆಯನ್ನು ನೀರಿಗೆ ಬಿಟ್ಟು ಎದ್ದೆ. ಹೋಗಿ ನೋಡುವಷ್ಟರಲ್ಲಿ ಮುಗಿದಿತ್ತು.

ಅರ್ಧ ತುರಿದ ಕಾಯಿಯ ಹೋಳು ಸಂಜೆಯವರೆಗೂ ಅಲ್ಲೇ ಮಣೆಯ ಪಕ್ಕದಲ್ಲಿತ್ತು. ಬಂದವರು ಹೋದವರು ಅದನ್ನು ದಾಟಿಕೊಂಡು ತಿರುಗಾಡಿದರು.

ಸೂತಕದ ಮನೆಯಲ್ಲಿ ಗುಳ್ಳೆಗಳ ಸುದ್ದಿ ಯಾರಿಗೆ ಬೇಕು? ಮರುದಿನ ಬಚ್ಚಲಿಗೆ ಹೋದ ನೆಂಟರೊಬ್ಬರು ಗೋಡೆಯ ಮೇಲೆ ನಡೆಯುತ್ತಿದ್ದ ಎರಡನ್ನು ಕಂಡು ಹೆದರಿ ಹೊರಗೆ ಬಂದರು. ತೋಡಿಗೆ ಚೆಲ್ಲಿಬಿಡಿ ಎಂದರು. ತೋಡಿನಲ್ಲಿ ನೀರೆಲ್ಲಿದೆ? ಮಳೆ ಇನ್ನೂ ದೂರ. ನಾನೇ ಕೈಯಾರೆ ಅಕಾಲದಲ್ಲಿ ಎಬ್ಬಿಸಿದ ಜೀವಗಳು. ನೀರು ಬದಲಿಸಿ, ಬಸಳೆಯ ಎಲೆ ಹಾಕಿ, ಬಕೆಟ್ಟಿನ ಮೇಲೆ ಜರಡಿ ಮುಚ್ಚಿಟ್ಟೆ. ಆ ದಿನಗಳಲ್ಲಿ ನನಗೆ ಬೇರೆ ಕೆಲಸವೂ ಇರಲಿಲ್ಲ. ಕೂತಲ್ಲಿ ಕೂರಲಾರದವನಿಗೆ ನೀರು ಬದಲಿಸುವುದೊಂದು ನೆಪ. ಭಾನುವಾರ ಬಂದಾಗ ಕೈ ತಾನಾಗಿಯೇ ಫೋನಿಗೆ ಹೋಯಿತು. ಹೆಸರು ಒತ್ತಿಯೂ ಬಿಟ್ಟೆ. ಪಕ್ಕದ ಕೋಣೆಯ ಕಪಾಟಿನಲ್ಲಿ ಫೋನು ರಿಂಗಾಯಿತು.

ಹನ್ನೆರಡನೆಯ ದಿನ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಬಾಳೆಲೆಯಲ್ಲಿ ಎಡೆ ಇಡುತ್ತಾರೆ. ಮೀನೂ ಆಗುತ್ತದೆ. ಹಿಂದಿನ ಸಂಜೆ ಸವಿತಾ ಕೇಳಿದಳು, "ಮಾವ, ಗುಳ್ಳೆ ಸಾರು ಮಾಡೂದಾ?"

ನಾನು ಬಾಯಿ ತೆರೆಯುವ ಮುನ್ನ ಭಾವ ತಲೆಯೆತ್ತಿದ. ಅಕ್ಕನ ಗಂಡ. ನಾವು ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. ಜೀವಮಾನವಿಡೀ ಗದ್ದೆ, ಕೂಲಿ ಎಂದು ದುಡಿದವನು, ಮಾತು ಕಡಿಮೆ.

"ಅವ್ಳು ಅದ ತಿಂದದ್ದು ನಾ ಕಂಡಿಲ್ಲ ಭಾವ" ಎಂದ. "ಮದ್ವೆಯಾದ ಹೊಸ್ತ್ರಲ್ಲಿ ನಾ ಒಂದ್ಸಲ ಗದ್ದೆಯಿಂದ ತಂದಿದ್ದೆ. ಒಲೆ ಹತ್ರ ಬಿಟ್ಕಣ್ಲಿಲ್ಲ. ನಮ್ಮನೇಲಿ ಇದ ಮಾಡೂದಿಲ್ಲ ಅಂದ್ಳು. ನಾನೇ ವಾಪಸ್ ಬಿಟ್ಟು ಬಂದೆ."

ನಮ್ಮನೆಯಲ್ಲಿ ಎಂದರೆ ಯಾವ ಮನೆ? ಹಣಕೋಣದ್ದೋ, ಅಂಕೋಲೆಯದೋ? ಕೇಳಿದೆ. ಭಾವ ಯೋಚಿಸಿ, "ಯಾರು ಕೇಳ್ತಾರೆ ಅದೆಲ್ಲ" ಎಂದ.

"ತಿಂದಿದ್ಲೋ ಇಲ್ವೋ, ಕೇಳಿದ್ದು ಹೌದಲ್ಲ?" ಎಂದಳು ಸವಿತಾ. "ಕೊನೆಗೆ ಕೇಳಿದ್ದು ಅದೊಂದೇ. ನಾ ಮಾಡ್ತೆ." ಅವಳ ದನಿ ತೇಟ್ ಅಕ್ಕನದು. ತೀರ್ಪು ಕೊಟ್ಟ ಮೇಲೆ ಅಪೀಲಿಲ್ಲ.

ಮಾಡಿದಳು. ಕುದಿನೀರಿಗೆ ಹಾಕುವಾಗ ನಾನು ಅಂಗಳದಾಚೆ ಹೋಗಿ ನಿಂತಿದ್ದೆ. ಅವು ಬಾಗಿಲು ಹಾಕಿಕೊಂಡಿರುತ್ತವೆ ಎಂದು ಗೊತ್ತು, ಅದು ಪ್ರಯೋಜನಕ್ಕೆ ಬರುವುದಿಲ್ಲವೆಂದೂ ಗೊತ್ತು. ಎಡೆಯಲ್ಲಿ ಅನ್ನ, ಬಂಗಡೆ, ವಡೆ, ಪಾಯಸದ ನಡುವೆ ಒಂದು ದೊನ್ನೆಯಲ್ಲಿ ಗುಳ್ಳೆ ಸಾರು ಇಟ್ಟರು. ಭಾವ ಕೈ ಮುಗಿದು ಬಹಳ ಹೊತ್ತು ನಿಂತಿದ್ದ. ನಾನೂ ಕೈ ಮುಗಿದೆ. ನಂಬಿಕೆಯ ಪ್ರಶ್ನೆ ಆಗ ಏಳಲಿಲ್ಲ.

ಆಮೇಲೆ ಎಲ್ಲರಿಗೂ ಎಲೆ ಹಾಕಿದರು. ಸವಿತಾ ನನ್ನ ಎಲೆಗೆ ಸಾರು ಬಡಿಸಿ ಅಲ್ಲೇ ನಿಂತಳು. ಕಾಯಿರಸ, ಹುಳಿ, ಜುಮ್ಮನಕಾಯಿಯ ಘಾಟು, ಅದರೊಳಗೆ ರಬ್ಬರಿನಂತೆ ಮೆತ್ತಗೂ ಗಟ್ಟಿಗೂ ಇರುವ ತುಂಡು. ಅಗಿದೆ. ಕೆರೆಯ ತಳದ ಸಣ್ಣ ವಾಸನೆ ಮೂಗಿನೊಳಗಿನಿಂದ ಬಂತು. ಕಣ್ಣು ಮುಚ್ಚಿ ಕಾದೆ. ಏನೂ ಬರಲಿಲ್ಲ. ತಟ್ಟೆ ಬರಲಿಲ್ಲ, ಒಲೆ ಬರಲಿಲ್ಲ, ಅವ್ವಿಯ ಕೈ ಬರಲಿಲ್ಲ. ಈ ರುಚಿಯನ್ನು ನನ್ನ ನಾಲಿಗೆ ಹಿಂದೆಂದೂ ಕಂಡಿರಲಿಲ್ಲ.

ಅಲ್ಲಿಗೆ ಅವ್ವಿ ಗುಂಡಿ ತೋಡಿ ಗುಳ್ಳೆಗಳನ್ನು ಮಲಗಿಸಿದ್ದೇ ನಿಜವಿರಬೇಕು. ತಟ್ಟೆ ನೆಕ್ಕಿದ ಕತೆ ಅಕ್ಕ ಕಟ್ಟಿದ್ದು. ಅಥವಾ ಹಸಿವಿನ ಯಾವುದೋ ವರ್ಷ ಅವಳೊಬ್ಬಳೇ ತಿಂದದ್ದರಲ್ಲಿ ನನ್ನನ್ನೂ ಪಕ್ಕಕ್ಕೆ ಕೂರಿಸಿಕೊಂಡದ್ದು. ಯಾವುದಾದರೂ ಸರಿ, ಅಕ್ಕನ ಮೇಲಿನ ವ್ಯಾಜ್ಯವೊಂದನ್ನು ಮೊದಲ ಸಲ ಗೆದ್ದಿದ್ದೆ. ನಿಂಗೇನೂ ಗೊತ್ತಿಲ್ಲ ಎನ್ನಲು ಇನ್ನು ಯಾರೂ ಇಲ್ಲ. ನಾಯಿ ಕಪ್ಪು ಎಂದರೆ ಕಪ್ಪು. ಹಲಸಿನ ಮರ ನಮ್ಮದೆಂದರೆ ನಮ್ಮದೇ.

"ಹೆಂಗಾಗಿದೆ ಮಾವ?" ಎಂದಳು ಸವಿತಾ. "ಅವ್ವಿ ಹೇಳಿದ್ ಹಂಗೇ ಆಗಿದ್ಯಾ?"

ಇನ್ನೊಂದು ಸೌಟು ಹಾಕು ಎಂದೆ. ಅವಳು ಹಾಕಿದಳು. ತಲೆ ತಗ್ಗಿಸಿ, ಈ ಸಲ ಇನ್ನೂ ನಿಧಾನವಾಗಿ ಅಗಿಯತೊಡಗಿದೆ, ಎಲ್ಲಾದರೂ ಅಕ್ಕನಿಗೆ ಸೋಲಬಹುದೇನೋ ಎಂಬ ಆಸೆಯಿಂದ.